ಒಂದು ಸೀಟಿಗೆ ಎರಡು ಹೆಸರು

ಕಾಗೆಯ ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ ಐದೂವರೆ ವರ್ಷದ ಮಗು ಕಾಗೆ ಅನ್ನುತ್ತದೆ, ಇಲ್ಲವೇ ಕ್ರೋ ಅನ್ನುತ್ತದೆ. ಈ ಹುಡುಗಿ ಚಿತ್ರವನ್ನು ಒಂದು ಗಳಿಗೆ ನೋಡಿ, "ತಿಥಿ ದಿನ ಟೆರೇಸ್ ಮೇಲೆ ಬರತ್ತಲ್ಲ ಆಂಟಿ, ಆ ಹಕ್ಕಿ" ಎಂದಳು. ನಾನು ನಕ್ಕುಬಿಟ್ಟೆ. ಎಂಥ ಚುರುಕು ಮಗು ಎಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ಮಾತ್ರ ನಗಲಿಲ್ಲ.

ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮಕ್ಕಳನ್ನು ಶಾಲೆಯ ಅಡ್ಮಿಷನ್‌ಗೆ ತಯಾರು ಮಾಡುತ್ತೇನೆ. ಸುತ್ತಮುತ್ತಲಿನವರು ಅಡ್ಮಿಷನ್ ಆಂಟಿ ಎಂದೇ ಕರೆಯುತ್ತಾರೆ. ಚಿಕ್ಕ ಮಕ್ಕಳಿಗೆ ಪರೀಕ್ಷೆ ಮಾಡಿ ಸೀಟು ಕೊಡುವ ಹಾಗಿಲ್ಲ ಎಂದು ನಿಯಮವಿದೆ. ಆದ್ದರಿಂದ ಶಾಲೆಯವರು ಪರೀಕ್ಷೆ ಎನ್ನುವುದಿಲ್ಲ, ಇಂಟರಾಕ್ಷನ್ ಎನ್ನುತ್ತಾರೆ. ಮಗುವಿನ ಜೊತೆ ಸುಮ್ಮನೆ ಮಾತಾಡುತ್ತೇವೆ ಅಷ್ಟೆ, ಗಾಬರಿಯಾಗಬೇಡಿ ಎನ್ನುತ್ತಾರೆ. ಹಾಗೆ ಸುಮ್ಮನೆ ಮಾತಾಡಿದ ಮೇಲೆ ಕೆಲವರಿಗೆ ಸೀಟು ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ. ಆ ಸುಮ್ಮನೆ ಮಾತಿಗೆ ಮಕ್ಕಳನ್ನು ಅಣಿಮಾಡುವುದು ನನ್ನ ಕಸುಬು.

ಹುಡುಗಿಯ ಹೆಸರನ್ನು ಕಾವೇರಿ ಎಂದು ಬರೆಯುತ್ತೇನೆ. ನಿಜವಾದ ಹೆಸರು ಬೇರೆ, ಮೊದಲ ಅಕ್ಷರ ಮಾತ್ರ ಅದೇ. ಈ ಕಥೆಗೆ ಆ ಅಕ್ಷರ ಸಾಕು. ಮನೆ ಇಟ್ಟಮಡುವಿನಲ್ಲಿ. ತಾತನ ಕಾಲದಲ್ಲಿ ಅಲ್ಲಿ ರಾಗಿ ಹೊಲವಿತ್ತಂತೆ, ಈಗ ಅದೇ ಜಾಗದಲ್ಲಿ ಅವರ ಬಾಡಿಗೆ ಮನೆಗಳಿವೆ. ಅಪ್ಪನಿಗೆ ಪೇಂಟ್ ಅಂಗಡಿ. ತಾಯಿ ಬಿ.ಕಾಂ. ಓದಿದವಳು, ಮಾತು ಕಡಿಮೆ. ಮಗಳನ್ನು ಒಂದನೇ ತರಗತಿಗೆ ಜಯನಗರದ ಹೆಸರುವಾಸಿ ಶಾಲೆಗೆ ಸೇರಿಸಬೇಕು, ಇದು ಇಡೀ ಮನೆಯ ಆಸೆ. ದಸರಾ ರಜೆ ಮುಗಿದ ಮೇಲೆ ನನ್ನ ಬಳಿ ಬಂದರು. ಇಂಟರಾಕ್ಷನ್ ಇದ್ದದ್ದು ಸಂಕ್ರಾಂತಿ ಕಳೆದ ಮೇಲೆ.

ನನ್ನ ಕ್ರಮ ಹೀಗೆ. ಮೊದಲ ಕೆಲವು ದಿನ ಪ್ರಶ್ನೆಯನ್ನೇ ಕೇಳುವುದಿಲ್ಲ. ಮಣಿ ಪೋಣಿಸುವುದು, ಗುಂಡಿ ಹಾಕುವುದು, ಬಣ್ಣ ಬೇರೆ ಮಾಡುವುದು. ಮಗು ಕೈ ಹೇಗೆ ಆಡಿಸುತ್ತದೆ, ಹೇಳಿದ್ದನ್ನು ಎಷ್ಟು ಹಿಡಿದುಕೊಳ್ಳುತ್ತದೆ ಎಂದು ನೋಡುತ್ತೇನೆ. ಆಮೇಲೆ ಚಿತ್ರ ತೋರಿಸಿ ಮಾತಾಡಿಸುವುದು. ಕೊನೆಗೆ ಪ್ರಶ್ನೆಗಳು, ಅದೂ ಪ್ರತಿದಿನ ಬೇರೆ ಬೇರೆ ಸರದಿಯಲ್ಲಿ. ಅಪ್ಪ ಅಮ್ಮಂದಿರು ಮನೆಯಲ್ಲಿ ಒಂದೇ ಸರದಿಯಲ್ಲಿ ಗಿಣಿಪಾಠ ಮಾಡಿಸಿರುತ್ತಾರೆ. ಒಬ್ಬ ಹುಡುಗನನ್ನು ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ "ಐ ಆಮ್ ಫೈವ್ ಇಯರ್ಸ್ ಓಲ್ಡ್" ಎಂದಿದ್ದ. ಪಾಪ, ಅವನ ಲೆಕ್ಕದಲ್ಲಿ ಎರಡನೆಯ ಪ್ರಶ್ನೆಗೆ ಅದೇ ಉತ್ತರ.

ಕಾವೇರಿ ಕೈಕೆಲಸದಲ್ಲಿ ಪಕ್ಕಾ. ಲೆಕ್ಕ ಸಲೀಸು. ಕಥೆ ಹೇಳಿದರೆ ಮಧ್ಯದಲ್ಲಿ ತಪ್ಪು ಹಿಡಿಯುತ್ತಿದ್ದಳು. ಮಾತಿನ ರೀತಿ ಮಾತ್ರ ವಿಚಿತ್ರವಾಗಿತ್ತು. ಕುದುರೆ ತೋರಿಸಿದರೆ "ಬೀಚಲ್ಲಿ ರೌಂಡ್ ಹೊಡೀತೀವಲ್ಲ, ಅದು". ಕತ್ತರಿ ತೋರಿಸಿದರೆ "ಟೈಲರ್ ಅಂಕಲ್ ಹತ್ರ ಇರತ್ತಲ್ಲ". ಕೆಂಪು ಬಣ್ಣಕ್ಕೆ "ಟೊಮೇಟೊ ಬಣ್ಣ". ನಾನು ತಾಯಿಯ ಮುಂದೆ ಹೊಗಳಿದೆ, ಇಷ್ಟು ಚಂದ ವಿವರಿಸುವ ಮಗುವನ್ನು ಯಾವ ಶಾಲೆ ಬೇಡ ಎನ್ನುತ್ತದೆ ಎಂದೆ. ತಾಯಿ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಾ ಕೂತಳು.

ಒಂದು ಸಂಜೆ ಚಿತ್ರಗಳನ್ನು ಡಬ್ಬಿಗೆ ಹಾಕುವಾಗ ನನಗೇ ಹೊಳೆಯಿತು. ಆನೆಗೆ ಆನೆ ಎಂದೇ ಹೇಳುತ್ತಾಳೆ. ಹಸು ಹಸುವೇ, ಮಂಗ ಮಂಗವೇ. ಕಾಗೆ, ಕುದುರೆ, ಕತ್ತರಿ, ಕೆಂಪು, ಇವಕ್ಕೆ ಮಾತ್ರ ಸುತ್ತುಬಳಸು ದಾರಿ. ಮಾರನೆಯ ದಿನ ಕೊಡೆಯ ಚಿತ್ರ ಎತ್ತಿ ಹಿಡಿದು, "ಇದಕ್ಕೆ ಒಂದೇ ಮಾತಲ್ಲಿ ಏನಂತಾರೆ ಹೇಳು ಪುಟ್ಟಾ" ಎಂದೆ. ಗದ್ದ ಮೇಲೆದ್ದಿತು. ಕಣ್ಣು ಮುಚ್ಚಿಕೊಂಡವು. ಬಲಗಾಲು ನೆಲವನ್ನು ಒತ್ತತೊಡಗಿತು. ಗಂಟಲಿನಲ್ಲಿ "ಕ್" ಎಂಬ ಒಂದು ಚೂರು ಮಾತ್ರ ಬಂದು ಅಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಉಸಿರು ಬಿಟ್ಟು, "ಮಳೆ ಬಂದಾಗ ಹಿಡಿಯೋದು" ಎಂದಳು.

ತಾಯಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟು ಕೇಳಿದೆ.

"ಮಾತು ತಡೆಯತ್ತೆ ಮೇಡಂ" ಎಂದಳು. "ಎಲ್ಲ ಮಾತಲ್ಲ, ಕ ಬಂದ್ರೆ ಮಾತ್ರ. ದಯವಿಟ್ಟು ಯಾರಿಗೂ ಹೇಳ್ಬೇಡಿ. ನಮ್ಮತ್ತೆ ಬಜೆ ತೇದು ಜೇನುತುಪ್ಪದಲ್ಲಿ ನೆಕ್ಕಿಸಿದ್ರು. ಹರಕೆನೂ ಹೊತ್ಕೊಂಡಿದೀವಿ."

"ಅವಳ ಹೆಸರು?"

"ಅದೇ ಮೇಡಂ ಕಷ್ಟ. ಮನೇಲಿ ಎಲ್ಲಾರೂ ಪುಟ್ಟಿ ಅಂತಾನೇ ಕರೆಯೋದು. ಪ್ಲೇ ಹೋಮ್‌ನಲ್ಲೂ ಪುಟ್ಟಿನೇ. ಅವಳು ಅವಳ ಹೆಸರು ಹೇಳಿದ್ದೇ ಇಲ್ಲ ಅನ್ನೋದು ನಮಗೆ ಗೊತ್ತಾಗಿದ್ದೇ ಈ ಸಲ, ಅಡ್ಮಿಷನ್‌ಗೆ ಅಂತ ಕೇಳಿದಾಗ."

ನಾನು ಆಗ ಯೋಚಿಸಿದ್ದು ನನ್ನ ಕಸುಬಿನ ಬಗ್ಗೆ. ಇಂಟರಾಕ್ಷನ್ನಿನ ಮೊದಲ ಪ್ರಶ್ನೆ ಎಲ್ಲ ಶಾಲೆಯಲ್ಲೂ ಒಂದೇ. ವಾಟ್ ಈಸ್ ಯುವರ್ ನೇಮ್. ಮಗು ಸಡಿಲವಾಗಲಿ ಎಂದು ಕೇಳುವ ಪುಕ್ಕಟೆ ಪ್ರಶ್ನೆ ಅದು. ಇಷ್ಟು ವರ್ಷದಲ್ಲಿ ನಾನು ಅದನ್ನು ಯಾವ ಮಗುವಿಗೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾಗುತ್ತದೆ ಎಂದೂ ಅನ್ನಿಸಿರಲಿಲ್ಲ. ಬೇರೆ ಪದವಾದರೆ ಈ ಜಾಣೆ ಹೇಗೋ ಬಳಸಿಕೊಂಡು ಹೋಗುತ್ತಾಳೆ. ಹೆಸರಿಗೆ ಬಳಸುದಾರಿ ಎಲ್ಲಿದೆ?

ಆ ಶನಿವಾರ ಅಪ್ಪ ಬಂದ. ಒಳ್ಳೆಯ ಮನುಷ್ಯ, ಅವಸರದವ. "ಮೇಡಂ, ಒಂದೊಂದೇ ಮಾತಲ್ಲಿ ಉತ್ತರ ಹೇಳೋ ಥರ ಮಾಡ್ಬಿಡಿ. ಹೆಸ್ರು ಕೇಳಿದ್ರೆ ನಾವೇ ಹೇಳ್ತೀವಿ. ನಾಚ್ಕೆ ಸ್ವಭಾವ ಅಂದ್ಕೊಳ್ಳಲಿ ಬಿಡಿ. ನಾಚ್ಕೆ ಇರೋ ಮಕ್ಳಿಗೆ ಸೀಟ್ ಕೊಡ್ತಾರೆ, ಉಗ್ಗೋ ಮಕ್ಳಿಗೆ ಕೊಡ್ತಾರಾ?"

ಕೊಡುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. ಆದರೆ ಎದುರಿಗೆ ಕೂತ ಟೀಚರಿಗೆ ಆ ದಿನ ಇನ್ನೂ ಎಷ್ಟು ಮಕ್ಕಳನ್ನು ಮಾತಾಡಿಸುವುದಿರುತ್ತದೋ. ನೋಡೋಣ ಎಂದೆ.

ನಮ್ಮಲ್ಲಿ ಅಣಕು ಇಂಟರಾಕ್ಷನ್ ಮಾಡಿಸುವುದುಂಟು. ಪಕ್ಕದ ಮನೆಯ ಬ್ಯಾಂಕಿನ ನಿವೃತ್ತ ಅಧಿಕಾರಿ ಪ್ರಿನ್ಸಿಪಾಲರಾಗುತ್ತಾರೆ. ಇಸ್ತ್ರಿ ಮಾಡಿದ ಶರ್ಟು, ಕನ್ನಡಕ, ಗಂಭೀರ ಮುಖ, ಪಾತ್ರದಲ್ಲಿ ಮುಳುಗಿಬಿಡುತ್ತಾರೆ. ಕಾವೇರಿ ಬಾಗಿಲು ತಟ್ಟಿ, ಗುಡ್ ಮಾರ್ನಿಂಗ್ ಹೇಳಿ, ಕೂತಳು. ಅವರು ಹೆಸರು ಕೇಳಿದರು. "ಮೈ ನೇಮ್ ಈಸ್" ಎನ್ನುವವರೆಗೆ ನೀರು ಹರಿದ ಹಾಗೆ ಬಂತು. ಆಮೇಲೆ ಗದ್ದ ಮೇಲೆದ್ದಿತು, ಕಣ್ಣು ಮುಚ್ಚಿತು, ಕಾಲು ಒತ್ತಿತು. ನಮ್ಮ ಪ್ರಿನ್ಸಿಪಾಲರಿಗೆ ತಡೆಯಲಾಗಲಿಲ್ಲ. "ಕಾವೇರಿ ಅಲ್ವಾ ಕಂದ? ವೆರಿ ಗುಡ್" ಎಂದರು. ಅವಳು ತಲೆಯಾಡಿಸಿದಳು. ಎಲ್ಲರಿಗೂ ಹೋದ ಜೀವ ಬಂತು. ಆಮೇಲಿನ ಯಾವ ಪ್ರಶ್ನೆಗೂ ಅವಳು ಬಾಯಿ ಬಿಡಲಿಲ್ಲ. ಅಲ್ಲಿಯವರೆಗೆ ಸಲೀಸಾಗಿದ್ದ ಆನೆ, ಹಸು ಕೂಡ ಬರಲಿಲ್ಲ. ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಅಷ್ಟರಲ್ಲಿ ತಾತನವರು ಒಂದು ಪರಿಹಾರ ಹಿಡಿದುಕೊಂಡು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕುರ್ಚಿಯ ತುದಿಯಲ್ಲಿ ಕೂತರು.

"ಮೇಡಂ, ಒಂದ್ ದಾರಿ ಐತೆ. ಮಗೀಗೆ ಹೆಸ್ರೇ ಬದಲಾಯಿಸ್ಬುಡಾದು."

ಅದು ಹೇಗೆ ಎಂದು ಕೇಳಿದೆ.

"ಹುಟ್ಟಿದಾಗ ಮೃಗಶಿರ ನಕ್ಷತ್ರ, ಮೂರನೇ ಪಾದ. ಕ ಅಕ್ಷರ ಬಂತು, ನಾನೇ ಇಟ್ಟಿದ್ದು ಆ ಹೆಸ್ರು. ಈಗ ಜೋಯಿಸ್ರನ್ನ ಕೇಳ್ದೆ. ನಕ್ಷತ್ರ ಅದೇ ಇರ್ಲಿ, ಪಾದ ಎರಡ್ ಹಿಂದಕ್ಕೆ ಹಾಕ್ಕೊಳಿ, ದೋಷ ಇಲ್ಲ ಅಂದ್ರು. ಮೊದಲ್ನೇ ಪಾದಕ್ಕೆ ವೇ ಬತ್ತದೆ. ವೇದಾ ಅಂತ ಇಡಾದು. ಗಾಳಿ ಬಿಟ್ಟಂಗೆ ಬತ್ತದೆ ಬಾಯಲ್ಲಿ. ಶಾಲೆಗೆ ಸೇರೋ ಮುಂಚೆನೇ ಆಗ್ಬೇಕು. ಸೇರಿದ್ಮೇಲೆ ಎಲ್ಲಾ ಕಡೆ ಅದೇ ನಿಂತೋಯ್ತದೆ."

ನಕ್ಕುಬಿಡಬೇಕೆನಿಸಿತು. ಆದರೆ ಮೊಮ್ಮಗಳ ಮೇಲಿನ ಅಕ್ಕರೆಯಿಂದ ಆ ಮನುಷ್ಯ ತಾನೇ ಇಟ್ಟ ಹೆಸರನ್ನು ತಾನೇ ತೆಗೆಯಲು ಹೊರಟಿದ್ದರು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ನನಗೂ ಅದು ತಂತ್ರದ ದೃಷ್ಟಿಯಿಂದ ತಪ್ಪು ಎನ್ನಿಸಲಿಲ್ಲ. ಕಷ್ಟದ ಅಕ್ಷರ ತೆಗೆದು ಸುಲಭದ ಅಕ್ಷರ. ಪ್ರಯತ್ನಿಸಿ ನೋಡಿ ಎಂದೆ.

ಸಾಂಗವಾಗಿಯೇ ಮಾಡಿದರು. ಹಾಲಿನಲ್ಲಿ ಚಾಪೆ ಹಾಸಿ, ತಟ್ಟೆಯಲ್ಲಿ ಅಕ್ಕಿ ಹರಡಿ, ಅಪ್ಪ ಉಂಗುರದಿಂದ ಹೊಸ ಹೆಸರು ಬರೆದ. ಸೋದರತ್ತೆ ಕಿವಿಯಲ್ಲಿ ಹೇಳಿದಳು. ತೊಟ್ಟಿಲ ವಯಸ್ಸು ದಾಟಿ ಹಲ್ಲು ಬೀಳುವ ವಯಸ್ಸಿಗೆ ನಾಮಕರಣ ಮಾಡಿಸಿಕೊಂಡ ಹುಡುಗಿ ಜರಿಲಂಗದಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದಳು. ನಾನೂ ಹೋಗಿದ್ದೆ. ಊಟಕ್ಕೆ ಹೋಳಿಗೆ. ಎಲೆಯ ಮುಂದೆ ಯಾರೋ ನೆಂಟರು, "ಏನವ್ವ ನಿನ್ನ ಹೆಸ್ರು?" ಎಂದರು. "ವೇದಾ" ಎಂದಳು. ತಡೆಯಿಲ್ಲ, ಕಣ್ಣು ಮುಚ್ಚಲಿಲ್ಲ. ತಾಯಿ ಕೈಯಲ್ಲಿದ್ದ ತುಪ್ಪದ ಪಾತ್ರೆ ಹಿಡಿದು ಹಾಗೇ ನಿಂತಳು. ತಾತ ನನ್ನ ಕಡೆ ನೋಡಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಆಮೇಲಿನ ದಿನಗಳು ಸುಗಮವಾಗಿ ನಡೆದವು. ಅಣಕು ಇಂಟರಾಕ್ಷನ್ನಿನಲ್ಲಿ "ಮೈ ನೇಮ್ ಈಸ್ ವೇದಾ" ಎಂದು ಪಟ್ಟನೆ ಹೇಳಿದಳು. ಅಪ್ಪ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಜನನ ಪ್ರಮಾಣಪತ್ರ ತಿದ್ದಿಸಲು ಒಬ್ಬ ಏಜೆಂಟನನ್ನು ಹಿಡಿದ. ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಇನ್ನು ಯಾರೂ ಪುಟ್ಟಿ ಎನ್ನಬಾರದು, ಕಾವೇರಿ ಅಂತೂ ಸುತರಾಂ ಕೂಡದು. ಊಟಕ್ಕೆ ಬಾ ವೇದಾ. ಸ್ನಾನ ಆಯ್ತಾ ವೇದಾ. ಬಾಯಿತಪ್ಪಿ ಯಾರಾದರೂ ಪುಟ್ಟಿ ಎಂದು ಕೂಗಿದಾಗ ಅವಳು ತಿರುಗಿದರೆ ಬೈಗುಳ. ಹಗಲೆಲ್ಲ ಅದೇ ಜಪ.

ಡಿಸೆಂಬರಿನ ಒಂದು ಬೆಳಿಗ್ಗೆ ತರಗತಿಗೆ ಬಂದವಳನ್ನು ಎಂದಿನಂತೆ ಕೇಳಿದೆ. "ಮೈ ನೇಮ್ ಈಸ್" ಎಂದಳು. ಗದ್ದ ಮೇಲೆದ್ದಿತು. ನಾನು ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟೆ. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು "ವ್, ವ್" ಎಂದು ಒದ್ದಾಡಿದಳು, ಕಾಲು ನೆಲ ಒತ್ತಿತು. ಗಾಳಿ ಬಿಟ್ಟ ಹಾಗೆ ಬರುತ್ತದೆ ಎಂದಿದ್ದ ಅಕ್ಷರ ಗಾಳಿಯನ್ನೇ ಕಟ್ಟಿಹಾಕಿತ್ತು. ಒಂದು ವಾರದಲ್ಲಿ ವ್ಯಾನು 'ಹಳದಿ ಬಸ್ಸು' ಆಯಿತು, ವಡೆ 'ತೂತು ಇರೋ ತಿಂಡಿ' ಆಯಿತು. ಕ ಮೊದಲಿನ ಹಾಗೆಯೇ ಇತ್ತು. ಈಗ ಜೊತೆಗೆ ವ ಸೇರಿತು.

ತಾತನವರಿಗೆ ಫೋನು ಮಾಡಿದೆ. "ಅದೇ ನಕ್ಷತ್ರಕ್ಕೆ ಇನ್ನೊಂದಕ್ಷರ ಐತಂತೆ ಮೇಡಂ, ವೋ ಅಂತ. ಅದ್ರಲ್ಲಿ ಹೆಸ್ರೇ ಸಿಕ್ತಿಲ್ಲ, ಜೋಯಿಸ್ರೂ ಹುಡುಕ್ತಾವ್ರೆ" ಎಂದರು.

ಮಾರನೆಯ ದಿನ ಕಾವೇರಿ ಮಣಿ ಪೋಣಿಸುತ್ತಾ, ತಲೆಯೆತ್ತದೆ ಕೇಳಿದಳು. "ಆಂಟಿ, ನಂಗೆ ಇನ್ನೊಂದು ಹೆಸ್ರು ಇಡ್ತಾರಾ?"

"ಯಾಕೆ ಪುಟ್ಟಾ?"

"ಇದೂ ಹಾಳಾಯ್ತಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಆ ಮನೆಯವರ ಮೇಲೆ, ಜಯನಗರದ ಶಾಲೆಯ ಮೇಲೆ, ಹೋಳಿಗೆ ತಿಂದ ನನ್ನ ಮೇಲೆ. ಆ ದಿನ ತರಗತಿ ಮಾಡಲಿಲ್ಲ. ತಾಯಿ ಮಗಳಿಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಬನಶಂಕರಿಯ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆ. ನನ್ನ ಹಳೆಯ ವಿದ್ಯಾರ್ಥಿಯ ತಾಯಿಗೆ ಪರಿಚಯದವರು. ಇದನ್ನು ಮೊದಲೇ ಮಾಡಬಹುದಿತ್ತು. ಆದರೆ ಥೆರಪಿ ಎಂಬ ಪದ ಕೇಳಿದರೇ ಕಾವೇರಿಯ ಮನೆಯವರು ಬೆಚ್ಚುತ್ತಿದ್ದರು.

ಥೆರಪಿಸ್ಟ್ ಚಿಕ್ಕ ವಯಸ್ಸಿನ ಹೆಂಗಸು. ಕಾವೇರಿಯ ಜೊತೆ ನೆಲದ ಮೇಲೆ ಕೂತು ಅರ್ಧ ಗಂಟೆ ಆಟವಾಡಿದರು. ಆಮೇಲೆ ನಮಗೆ ಹೇಳಿದ್ದಿಷ್ಟು. ಇದು ನಾಲಗೆಯ ದೋಷವಲ್ಲ, ಭಯದಿಂದ ಹುಟ್ಟಿದ್ದೂ ಅಲ್ಲ; ಭಯ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಬೇರೆ ಪದಕ್ಕೆ ಬದಲಿ ಸಿಗುತ್ತದೆ, ಸ್ವಂತ ಹೆಸರಿಗೆ ಸಿಗುವುದಿಲ್ಲ, ಆದ್ದರಿಂದ ಉಗ್ಗುವವರಿಗೆಲ್ಲ ಹೆಸರು ಹೇಳುವುದೇ ಬಹಳ ಕಷ್ಟ. ಹೊಸ ಹೆಸರು ಮೊದಲು ಸಲೀಸಾಗಿ ಬಂದದ್ದು ಅದು ಅವಳದಲ್ಲ ಎಂಬ ಕಾರಣಕ್ಕೆ. ನಾಟಕದಲ್ಲಿ ಪಾತ್ರದ ಮಾತು ಹೇಳಿದ ಹಾಗೆ. ಅವಳದಾದ ದಿನವೇ ತಡೆಯಿತು.

"ಹಾಗಾದ್ರೆ ಏನ್ ಮಾಡ್ಬೇಕು ಮೇಡಂ?" ತಾಯಿ ಕೇಳಿದಳು.

"ವಾರಕ್ಕೊಂದು ಸಲ ಕರ್ಕೊಂಡು ಬನ್ನಿ, ಹಂತಹಂತವಾಗಿ ಮಾಡೋಣ. ಆದರೆ ದೊಡ್ಡ ಕೆಲಸ ನಿಮ್ಮದು. ನಿಧಾನಕ್ಕೆ ಹೇಳು ಅನ್ಬೇಡಿ. ಉಸಿರು ತಗೋ ಅನ್ಬೇಡಿ. ಅವಳ ಮಾತನ್ನ ನೀವು ಮುಗಿಸ್ಬೇಡಿ. ಮುಖ ನೋಡ್ತಾ ಕಾಯಿರಿ, ಅಷ್ಟೆ."

"ಎಷ್ಟು ಹೊತ್ತು?"

"ಅವಳು ಹೇಳೋವರೆಗೂ."

ಅಣಕು ಇಂಟರಾಕ್ಷನ್ನಿನ ದಿನ ಪಕ್ಕದ ಮನೆಯವರು ಹೆಸರು ಹೇಳಿಕೊಟ್ಟ ಮೇಲೆ ಅವಳು ಯಾಕೆ ಬಾಯಿ ಮುಚ್ಚಿದಳು ಎಂಬುದು ಆಗ ಅರ್ಥವಾಯಿತು. ಹೇಳಬೇಕಾದದ್ದನ್ನು ಅವಳ ಬಾಯಿಂದ ಕಿತ್ತುಕೊಂಡಿದ್ದರು. ಅಕ್ಕರೆಯಿಂದಲೇ ಕಿತ್ತುಕೊಂಡಿದ್ದರು.

ದಾರಿಯಲ್ಲೇ ತೀರ್ಮಾನ ಮಾಡಿದೆ. ಬಚ್ಚಿಡುವ ತಯಾರಿ ಇನ್ನು ನನ್ನಿಂದಾಗುವುದಿಲ್ಲ. ಹೊತ್ತು ಹಿಡಿದರೂ ತಾನೇ ಹೇಳುವ ತಯಾರಿ ಮಾಡಿಸುತ್ತೇನೆ. ಇದು ಒಪ್ಪಿಗೆಯಾಗದಿದ್ದರೆ ಬೇರೆಯವರ ಹತ್ತಿರ ಹೋಗಲಿ. ಆ ಭಾನುವಾರ ಇಟ್ಟಮಡುವಿನ ಅವರ ಮನೆಗೇ ಹೋದೆ. ತಾತ, ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ಇದ್ದರು. ಎರಡು ಮಾತು ಹೇಳಿದೆ. ಹೆಸರು ಹಳೆಯದೇ ಇರಲಿ. ಅರ್ಜಿಯಲ್ಲಿ ಮಗುವಿನ ಬಗ್ಗೆ ಬರೆಯುವ ಜಾಗವಿದೆ, ಅಲ್ಲಿ ಇವಳಿಗೆ ಮಾತು ತಡೆಯುತ್ತದೆ, ದಯವಿಟ್ಟು ಸಮಯ ಕೊಡಿ ಎಂದು ಬರೆಯೋಣ.

ಅಪ್ಪ ಎದ್ದು ನಿಂತ. "ಬರ್ಕೊಟ್ರೆ ಸೀಟ್ ಹೋಯ್ತು ಅಂತಾನೇ ಲೆಕ್ಕ ಮೇಡಂ. ನಾವೇ ಕೈಯಾರೆ ಕೊಡೋದಾ?"

"ಇವತ್ತು ಬಚ್ಚಿಟ್ಟು ಸೇರಿಸ್ತೀರಿ. ಜೂನಲ್ಲಿ ಟೀಚರ್ ಅಟೆಂಡೆನ್ಸ್ ಕರೀತಾರೆ. ಆಗ ಬಚ್ಚಿಡೋಕೆ ಅವಳ ಪಕ್ಕದಲ್ಲಿ ಯಾರು ಕೂತಿರ್ತಾರೆ ಸಾರ್?"

"ಜೂನಿನ ಹೊತ್ತಿಗೆ ಸರಿ ಹೋಗ್ಬೋದು."

"ಹೋಗ್ಬೋದು. ಹೋಗದೇನೂ ಇರ್ಬೋದು."

ತಾತ ಮೊಮ್ಮಗಳನ್ನು ಹತ್ತಿರ ಕರೆದು ಎದುರಿಗೆ ನಿಲ್ಲಿಸಿಕೊಂಡರು. "ನಿಂಗ್ಯಾವ ಹೆಸ್ರು ಬೇಕವ್ವ?" ಎಂದರು.

ಅವಳು ನನ್ನ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ಗದ್ದ ಮೇಲೆದ್ದಿತು. "ಕ್" ಎಂದಿತು. ಅಜ್ಜಿ ಬಾಯಿ ತೆರೆದರು. ಸೊಸೆ ಅವರ ಕೈ ಹಿಡಿದಳು. ಹೊರಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ತಾತನ ತುಟಿಯೂ ಅಲುಗುತ್ತಿತ್ತು, ಮೊಮ್ಮಗಳ ಜೊತೆ ತಾವೂ ಆ ಅಕ್ಷರ ಎತ್ತುತ್ತಿರುವವರ ಹಾಗೆ, ಆದರೆ ದನಿ ಹೊರಡಿಸಲಿಲ್ಲ. ಕೊನೆಗೆ ಬಂತು. "ಕ್ಕಾವೇರಿ. ಅದು ನಂದು."

"ಆಯ್ತು" ಎಂದರು ತಾತ. ಮಗನ ಕಡೆ ತಿರುಗಿ, "ಆ ಏಜೆಂಟ್‌ಗೆ ಬ್ಯಾಡ ಅಂತ ಯೋಳ್ಬುಡು" ಎಂದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಟ್ಟ. ಆದರೆ ಅರ್ಜಿಯಲ್ಲಿ ನಾನು ಹೇಳಿದ ಸಾಲು ಬರೆದ. ಎರಡು ಶಾಲೆಗೆ ಹಾಕಿದ್ದರು, ಜಯನಗರದ್ದೊಂದು, ನಮ್ಮ ಪದ್ಮನಾಭನಗರದ್ದೇ ಚಿಕ್ಕದೊಂದು. ಎರಡರಲ್ಲೂ ಬರೆದ.

ಉಳಿದದ್ದು ಕಾಯುವ ಅಭ್ಯಾಸ. ಅದು ಮಗುವಿಗಿಂತ ದೊಡ್ಡವರಿಗೆ ಬೇಕಾಗಿತ್ತು. ನಾನು ಮೊದಲು ನನ್ನ ವೇಗ ಇಳಿಸಿದೆ. ಪಟಪಟ ಪ್ರಶ್ನೆ ಕೇಳುವುದು ನನಗೆ ರೂಢಿ; ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕೂರುವುದು ಕಲಿತೆ. ತಾಯಿಯನ್ನು ಎದುರಿಗೆ ಕೂರಿಸಿ, ಮಗಳ ಮಾತು ತಡೆದಾಗ ಕಣ್ಣು ಬೇರೆ ಕಡೆ ಹೊರಳಿಸಬಾರದು, ತಲೆಯಾಡಿಸಿ ಹುರಿದುಂಬಿಸಲೂಬಾರದು ಎಂದು ಹೇಳಿಕೊಟ್ಟೆ. ಎಲ್ಲರಿಗಿಂತ ಕಷ್ಟಪಟ್ಟವರು ನಮ್ಮ ಪ್ರಿನ್ಸಿಪಾಲರು. ಕಾವೇರಿ ತನ್ನ ಹೆಸರಿನ ಬಾಗಿಲಲ್ಲಿ ನಿಂತಿರುವಾಗ ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದರು. ಅವಳು ಹೋದ ಮೇಲೆ, "ನಿಮ್ಮ ಕೆಲಸ ಬೇಡವೇ ಬೇಡ ಮೇಡಂ, ನನಗೆ ಬೆವರು ಕಿತ್ಕೊಂಡು ಬರ್ತಿದೆ" ಎಂದು ಫ್ಯಾನು ಜೋರು ಮಾಡಿಸಿಕೊಂಡರು. ಬರುವುದನ್ನು ಮಾತ್ರ ಬಿಡಲಿಲ್ಲ.

ಕಾವೇರಿಗೆ ಬೇರೇನೂ ಹೇಳಿಕೊಡಲಿಲ್ಲ. ತಡೆದರೆ ತಡೆಯಲಿ, ನಾವು ಇಲ್ಲೇ ಇರುತ್ತೇವೆ ಎಂದಷ್ಟೇ ಹೇಳಿದೆ. ಕೆಲವು ದಿನ ಹೆಸರು ಬೇಗ ಬರುತ್ತಿತ್ತು, ಕೆಲವು ದಿನ ಪ್ರಾಣ ಹಿಂಡುತ್ತಿತ್ತು. ಆದರೆ ತಿಥಿಯ ಹಕ್ಕಿ ನಿಧಾನವಾಗಿ ಕಾಗೆಯಾಯಿತು. ಒಂದು ದಿನ ಕೊಡೆಯನ್ನೂ ಹೇಳಿದಳು, ಹೇಳಿ ನನ್ನ ಮುಖ ನೋಡಿದಳು. ನಾನು ಹೊಗಳಲಿಲ್ಲ. ಥೆರಪಿಸ್ಟ್ ಅದನ್ನೂ ಬೇಡವೆಂದಿದ್ದರು. ಹೊಗಳದೇ ಇರುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಜಯನಗರದ ಇಂಟರಾಕ್ಷನ್ ಮೊದಲು ಬಂತು. ತಾಯಿಯನ್ನು ಒಳಗೆ ಬಿಟ್ಟರು, ಅಪ್ಪ ಹೊರಗೆ. ಮೇಜಿನಾಚೆ ಇಬ್ಬರು ಟೀಚರುಗಳು. ಅರ್ಜಿ ಓದಿದ್ದರೋ ಇಲ್ಲವೋ ಗೊತ್ತಿಲ್ಲ. ಒಬ್ಬರು ಹೆಸರು ಕೇಳಿದರು. "ಮೈ ನೇಮ್ ಈಸ್" ಎಂದು ನಿಂತಿತು. ಆ ಟೀಚರ್ ಕೆಟ್ಟವರಲ್ಲ. ಮುಗುಳ್ನಕ್ಕು, ಎದುರಿಗಿದ್ದ ಹಾಳೆ ನೋಡಿ, "ಕಾವೇರಿ, ರೈಟ್? ಸೋ ಸ್ವೀಟ್" ಎಂದರು. ಕಾವೇರಿ ತಲೆಯಾಡಿಸಿದಳು. ಅಲ್ಲಿಗೆ ಬಾಯಿಗೆ ಬೀಗ ಬಿತ್ತು. ಬಣ್ಣ ಕೇಳಿದರು, ಲೆಕ್ಕ ಕೇಳಿದರು, ಬರಲಿಲ್ಲ. ಕೆಲವು ದಿನದ ಮೇಲೆ ಸೀಟು ಇಲ್ಲ ಎಂದು ಮೆಸೇಜ್ ಬಂತು. ಕಾರಣ ತಿಳಿಸಿರಲಿಲ್ಲ.

ಅಪ್ಪ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ. "ನಾನ್ ಅವತ್ತೇ ಹೇಳ್ದೆ ಮೇಡಂ. ಆ ವೇದಾ ಅಂತ ಇಟ್ಕೊಂಡು ಏನೋ ಒಂದ್ ಮಾಡಿದ್ರೆ ಆಗ್ತಿತ್ತು. ನೀವೇ ಕೇಳ್ಲಿಲ್ಲ."

ನಾನು ಒಳಗೆ ಕರೆದೆ, ಬರಲಿಲ್ಲ. ಅವನ ಸಂಕಟ ಅರ್ಥವಾಯಿತು. ಅವನು ಹೇಳಿದ್ದು ಸುಳ್ಳು ಎಂದು ಸಾಧಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಐದೂವರೆ ವರ್ಷದ ಹುಡುಗಿಯನ್ನು ಇಟ್ಟುಕೊಂಡು ನನ್ನ ಹಟ ಸಾಧಿಸಿದೆನಾ ಎಂಬ ಅನುಮಾನ ಹೋಗಲಿಲ್ಲ.

ಮಾರನೆಯ ದಿನ ಅವರು ತರಗತಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ತಾಯಿ ಹೊತ್ತಿಗೆ ಸರಿಯಾಗಿ ಮಗಳನ್ನು ಕರೆದುಕೊಂಡು ಬಂದಳು. ಗಂಡನಿಗೆ ಏನು ಹೇಳಿ ಬಂದಳೋ ನಾನು ಕೇಳಲಿಲ್ಲ. ಕಾವೇರಿ ಚಾಪೆಯ ಮೇಲೆ ಕೂತು ಮಣಿಯ ಡಬ್ಬಿ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಆಂಟಿ, ಆ ಮಿಸ್ಸು ನಂದು ಹೇಳ್ಬಿಟ್ರು" ಎಂದಳು.

"ಹೌದಂತೆ. ಅಮ್ಮ ಹೇಳಿದ್ರು."

"ನಂಗೆ ಬರ್ತಾ ಇತ್ತು."

"ಗೊತ್ತು ಪುಟ್ಟಾ. ಅವರಿಗೆ ಗೊತ್ತಿರ್ಲಿಲ್ಲ."

ಆಮೇಲೆ ಎಂದಿನ ಹಾಗೆ ಚಿತ್ರ ತೋರಿಸಿ ಮಾತಾಡಿದೆವು.

ಎರಡನೆಯ ಇಂಟರಾಕ್ಷನ್ ಮರುವಾರ, ಪದ್ಮನಾಭನಗರದ ಶಾಲೆಯಲ್ಲಿ. ಹೊರಗೆ ಹೋಗಿ ಕಾಯಬೇಕೆಂದುಕೊಂಡಿದ್ದೆ, ಆದರೆ ಬೇರೆ ಮಕ್ಕಳ ತರಗತಿಯಿತ್ತು. ಮಧ್ಯಾಹ್ನ ತಾಯಿಯ ಫೋನು ಬಂತು. ಸೀಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಿಕ್ಕಿತು, ತಿಂಗಳ ಕೊನೆಯಲ್ಲಿ ಗೊತ್ತಾಯಿತು. ಆ ದಿನ ಅವಳು ಫೋನು ಮಾಡಿದ್ದು ಅದಕ್ಕಲ್ಲ.

"ಮೇಡಂ, ಅಲ್ಲೂ ಹಂಗೇ ಆಯ್ತು" ಎಂದಳು. "ಪ್ರಿನ್ಸಿಪಾಲ್ ಮೇಡಂ ಹೆಸ್ರು ಕೇಳಿದ್ರು. ಇವಳು ಮೈ ನೇಮ್ ಈಸ್ ಅಂತ ನಿಂತ್ಲು. ಪಕ್ಕದಲ್ಲಿದ್ದ ಮಿಸ್ಸು ಪಾಪ, ಕಾವೇರಿನಾ ಅಂದ್ಬಿಟ್ರು."

"ತಲೆ ಆಡಿಸಿದ್ಲಾ?"

"ಇಲ್ಲ ಮೇಡಂ. ಕೈ ಹಿಂಗೆ ಅಡ್ಡ ಮಾಡಿದ್ಲು. ಇರಿ ಮಿಸ್, ನಾನೇ ಹೇಳ್ತೀನಿ ಅಂದ್ಲು. ಕನ್ನಡದಲ್ಲೇ. ನಂಗೆ ಬಾಯಿಗೆ ಬಂದಿತ್ತು, ಹೇಳ್ಬಿಡೋಣ ಅಂತ. ತುಟಿ ಕಚ್ಕೊಂಡು ಕೂತೆ. ಅವರಿಬ್ರೂ ಸುಮ್ನೆ ಕೂತ್ರು. 'ಕ್' ಅಂತ ನಿಂತಿದೆ ಮೇಡಂ, ಬರ್ತಾ ಇಲ್ಲ."

"ಆಮೇಲೆ?"

"ಹೇಳಿದ್ಲು ಮೇಡಂ." ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಪೂರ್ತಿ ಹೇಳಿದ್ಲು. ಇನಿಷಿಯಲ್ಲೂ ಸೇರಿಸಿ."